ಆಡಿಗೆ ಹಗ್ಗ, ಕೋಳಿಗೆ ಬೇಲಿ

ಮಳೆ ಶುರುವಾಯಿತೆಂದರೆ ಚಿಟಗುಪ್ಪದ ಕಡೆ ಓಣಿಗಳಲ್ಲಿ ಒಂದು ಜಗಳವೂ ಶುರುವಾಗುತ್ತದೆ. ಹಿತ್ತಲಲ್ಲಿ ಮೆಂತೆ, ಪುಂಡಿ, ರಾಜಗಿರಿ ಬೀಜ ಹಾಕಿ ಮೂರು ದಿನ ಆಗಿರುವುದಿಲ್ಲ, ಪಕ್ಕದ ಮನೆಯ ಕೋಳಿ ಮರಿಗಳನ್ನು ಕರೆದುಕೊಂಡು ಬಂದು ಎಲ್ಲ ಕೆದರಿ ಹೋಗಿರುತ್ತದೆ. "ವೈನಿ, ನಿಮ್ಮ ಕೋಳಿ ಕಟ್ಟಿ ಹಾಕ್ರಿ" ಅಂತ ಇವರು. "ಕೋಳಿ ಯಾರರ ಕಟ್ತಾರೇನ್ರಿ, ನೀವೇ ಬೇಲಿ ಹಾಕ್ಕೊಳ್ರಿ" ಅಂತ ಅವರು.

ಹಿತ್ತಲ ಪಲ್ಯವೂ ಹೆಣ್ಣುಮಕ್ಕಳದು, ತತ್ತಿ ಮಾರಿದ ದುಡ್ಡೂ ಹೆಣ್ಣುಮಕ್ಕಳದು. ಗಂಡಸರು ಈ ಜಗಳ ಕಂಡು ನಗುವುದು ಬಹುಶಃ ಅದಕ್ಕೇ. ಆದರೆ ಸಂತೆಯಲ್ಲಿ ಪಲ್ಯ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದ ವಾರ ಮಕ್ಕಳ ತಟ್ಟೆಗೆ ಏನು ಬೀಳುತ್ತದೆ ಎಂಬುದು ಆ ನಾಲ್ಕು ಸಾಲು ಮೆಂತೆಯ ಮೇಲೇ ನಿಂತಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಆಡಿನ ವಿಷಯದಲ್ಲಿ ತಪ್ಪು ಸಾಕಿದವರದು, ಕೋಳಿಯ ವಿಷಯದಲ್ಲಿ ಬೇಲಿ ಹಾಕುವ ಕೆಲಸ ಹಿತ್ತಲಿನವರದು.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಅದು ಎಲೆ ತಿಂದು ಬಿಡುವುದಿಲ್ಲ, ನುಗ್ಗೆ, ಕರಿಬೇವಿನ ಎಳೆ ಕುಡಿಯನ್ನೇ ಕಚ್ಚುತ್ತದೆ. ಗಿಡ ಮತ್ತೆ ಚಿಗುರಲು ತಿಂಗಳುಗಳು ಬೇಕು. ಅದನ್ನು ಕಟ್ಟಬಹುದು, ಸೊಪ್ಪು ತಂದು ಹಾಕಬಹುದು. ಕೊಂಡವಾಡ ಇದ್ದದ್ದೂ ಇಂಥದಕ್ಕೇ. ಬ್ರಿಟಿಷರ 1871ರ ಕಾಯ್ದೆಯಲ್ಲಿ ಹೊಲ ನುಗ್ಗುವ ಪ್ರಾಣಿಗಳ ಪಟ್ಟಿಯೇ ಇದೆ: ಆನೆ, ಒಂಟೆ, ಕತ್ತೆ, ಹಂದಿ, ಕುರಿ, ಆಡು. ಕೋಳಿ ಮಾತ್ರ ಆ ಪಟ್ಟಿಯಲ್ಲಿಲ್ಲ!

ಕೋಳಿ ತಿರುಗಾಡಿಯೇ ಹೊಟ್ಟೆ ಹೊರೆಯಬೇಕು. ಕೂಡಿಟ್ಟರೆ ಕಾಳು ಕೊಳ್ಳಬೇಕು, ಆಗ ತತ್ತಿಯ ಲಾಭ ಅಲ್ಲೇ ಮುಗಿಯಿತು. ನಮ್ಮಲ್ಲಿ ಬೇಲಿಗೆ ದುಡ್ಡೂ ಬೇಕಿಲ್ಲ. ಎಳ್ಳಮಾವಾಸ್ಯೆ ದಾಟಿ ತೊಗರಿ ರಾಶಿ ಮುಗಿದರೆ ಕಟ್ಟಿಗೆ ಎಷ್ಟು ಬೇಕೋ ಅಷ್ಟು. ಎಲ್ಲ ಒಲೆಗೆ ಹಾಕದೆ ಎರಡು ಹೊರೆ ಮಳೆಗಾಲಕ್ಕೆ ಎತ್ತಿಡಿ. ಸೊಂಟದೆತ್ತರ ಒತ್ತೊತ್ತಾಗಿ ನೆಟ್ಟು, ಬುಡದಲ್ಲಿ ಜಾಲಿ ಮುಳ್ಳು ಒತ್ತಿ, ಏಕೆಂದರೆ ಮರಿಗಳು ನುಸುಳುವುದು ಕೆಳಗಿಂದ. ಬೀಜ ಮೊಳೆಯುವವರೆಗೆ ಮೇಲೆ ಹಳೇ ಸೀರೆ ಹಾಸಿದರೂ ಆದೀತು. ಗಿರಿರಾಜದಂಥ ಮೈಭಾರದ ಕೋಳಿ ಇಷ್ಟಕ್ಕೆ ನಿಲ್ಲುತ್ತದೆ. ಜವಾರಿ ಕೋಳಿ ಹಾರಿದರೆ ಸಾಕಿದವರು ಒಂದೇ ಕಡೆಯ ರೆಕ್ಕೆಯ ಉದ್ದ ಗರಿಗಳ ತುದಿ ಕತ್ತರಿಸಬೇಕು. ನೋವಾಗದು, ಗರಿ ಉದುರಿದ ಮೇಲೆ ಹೊಸದು ಬರುತ್ತದೆ. ಇನ್ನೊಂದು, ಕೋಳಿ ಮಣ್ಣು ಕೆದರುವುದು ಹುಳಕ್ಕಷ್ಟೇ ಅಲ್ಲ, ಧೂಳಲ್ಲಿ ಹೊರಳಿ ಹೇನು ಕಳೆಯಲಿಕ್ಕೂ. ತನ್ನ ಮನೆಯಲ್ಲೇ ಬೂದಿ ಬೆರೆಸಿದ ಒಣಮಣ್ಣಿನ ಗುಂಡಿ ಇದ್ದರೆ ಪಕ್ಕದವರ ಮೆಂತೆ ಮಡಿಯ ಆಸೆ ಅಷ್ಟು ಕಡಿಮೆ.

ಬೆಕ್ಕು ಸಡಿಲ ಮಣ್ಣು ಕಂಡರೆ ಹೇತು ಮುಚ್ಚುತ್ತದೆ. ಅಲ್ಲಿ ಮುಳ್ಳಿನ ಟೊಂಗೆ ಹಾಸಿ. ಬೆಕ್ಕಿನ ಹೇಲಿನಿಂದ ಬರುವ ಒಂದು ಸೋಂಕು ಹೊಟ್ಟೆಯಲ್ಲಿನ ಕೂಸಿಗೆ ಕೇಡು ಮಾಡಬಲ್ಲದು, ಆದ್ದರಿಂದ ಬಸುರಿಯರು ಆ ಮಣ್ಣಿಗೆ ಬರಿಗೈ ಹಾಕಬಾರದು, ಸೊಪ್ಪು ಚೆನ್ನಾಗಿ ತೊಳೆಯಬೇಕು.

ಇಷ್ಟೆಲ್ಲ ಬರೆಯಲು ಕಾರಣ ಬೇರೆಯೇ ಇದೆ. ಸಿಟ್ಟು ಏರಿದಾಗ ಕೆಲವರು ಹಿಟ್ಟಿನಲ್ಲಿ ಹರಳು ವಿಷ ಕಲಸಿ ಬೇಲಿ ಬುಡದಲ್ಲಿ ಇಡುತ್ತಾರೆ. ಹಳ್ಳಿಯಲ್ಲಿ ಥಿಮೆಟ್ ಅನ್ನುವ ಫೋರೇಟ್ ಅನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಹಳೇ ಡಬ್ಬಿ ಮನೆಯಲ್ಲಿ ಉಳಿದಿರಬಹುದು. ಆ ಉಂಡೆ ಪಕ್ಕದ ಮನೆ ಕೋಳಿಗೆಂದು ಹೆಸರು ಬರೆದುಕೊಂಡು ಕೂತಿರುವುದಿಲ್ಲ. ನಿಮ್ಮ ನಾಯಿ ತಿನ್ನಬಹುದು, ಅಂಬೆಗಾಲಿಡುವ ಕೂಸು ಬಾಯಿಗೆ ಹಾಕಿಕೊಳ್ಳಬಹುದು, ಮಳೆ ಬಂದರೆ ಕರಗಿ ಅದೇ ಮೆಂತೆಯ ಬೇರಿಗೆ ಇಳಿಯುತ್ತದೆ. ಪ್ರಾಣಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗೆ ಜೈಲು ಆಗಬಹುದು. ಆ ಕಲಮಿನಲ್ಲಿ ಕೋಳಿಯೂ ಬರುತ್ತದೆ, ಬೆಕ್ಕೂ ಬರುತ್ತದೆ, ಬೀದಿ ನಾಯಿಯೂ ಬರುತ್ತದೆ.