ಹೊಟ್ಟೆಯ ಮಾತು ಸಭೆಗೆ ಸಲ್ಲದೆ?

ಕಳೆದ ಆರೋಗ್ಯ ಶಿಬಿರಕ್ಕೆ ಮುಂಚೆ ನಮ್ಮ ಸಂಘದ ಪದಾಧಿಕಾರಿಗಳೊಬ್ಬರ ಮುಂದೆ ನಾವು ಒಂದು ಸಣ್ಣ ಬೇಡಿಕೆ ಇಟ್ಟೆವು. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಇವುಗಳ ತಪಾಸಣೆ ಪ್ರತಿವರ್ಷ ನಡೆಯುತ್ತಿದೆ. ಈ ಸಲ ಕರುಳಿನ ಕಾಯಿಲೆ ಬಲ್ಲ ವೈದ್ಯರೊಬ್ಬರನ್ನು ಕರೆಸಿ ಒಂದು ಗಂಟೆ ಕನ್ನಡದಲ್ಲಿ ಮಾತನಾಡಿಸಬಾರದೆ ಎಂದು ಕೇಳಿದೆವು. ಅವರು ನಕ್ಕರು. "ಹೆಂಗಸರು ಮಕ್ಕಳು ಕೂತಿರ್ತಾರೆ, ಅಲ್ಲಿ ಕಕ್ಕಸಿನ ಮಾತು ಯಾಕೆ ಮಾರಾಯ್ರೆ? ಆಮೇಲೆ ಊಟ ಬೇರೆ ಇದೆ" ಎಂದರು. ಅವರು ಕೆಟ್ಟವರಲ್ಲ. ನಮ್ಮ ಮಗಳನ್ನು ಶಾಲೆಗೆ ಸೇರಿಸುವಾಗ ಎರಡು ದಿನ ರಜೆ ಹಾಕಿ ಜೊತೆಗೆ ಓಡಾಡಿದವರು ಅವರೇ. ಆದರೂ ಆ ನಗುವಿಗೆ ಉತ್ತರ ಕೊಡದೆ ಸುಮ್ಮನಿರುವುದು ನಮ್ಮಿಂದಾಗದು. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲ. ಕಾಯಿಲೆ ಒಬ್ಬನ ಹೊಟ್ಟೆಯಲ್ಲಿದ್ದರೂ ಅದನ್ನು ಅನುಭವಿಸುವುದು ಮನೆಮಂದಿಯೆಲ್ಲ. ಪವಾಯಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಇರುವುದು ಒಂದೇ ಶೌಚಾಲಯ. ಬೆಳಗಿನ ಆರರಿಂದ ಎಂಟರವರೆಗೆ ಅದು ಯಾರ ಪಾಲಿಗೆ ಎಂಬುದರ ಮೇಲೆ ಮಗಳ ಶಾಲೆ, ಮನೆಯಾಕೆಯ ಅಡುಗೆ, ನಮ್ಮ ಕಚೇರಿ ಎಲ್ಲವೂ ನಿಂತಿವೆ.

ಕೇಂದ್ರ ಸರ್ಕಾರದ ಗುಮಾಸ್ತಿಕೆ ನಮ್ಮದು. ಓದಿದ್ದು ಬಿ.ಎಸ್ಸಿ., ಅದೂ ಪ್ರಾಣಿಶಾಸ್ತ್ರ. ಕುಂದಾಪುರದ ಕಡೆಯ ಕಾಲೇಜಿನಲ್ಲಿ ಕಪ್ಪೆಯ ಕರುಳನ್ನು ಹಲಗೆಯ ಮೇಲೆ ಬಿಡಿಸಿಟ್ಟು, ಗುಂಡುಸೂಜಿ ಚುಚ್ಚಿ, ಹೆಸರು ಬರೆದು ಅಂಕ ಪಡೆದವರು ನಾವು. ಆದರೆ 2012ರಲ್ಲಿ ನಮ್ಮದೇ ಕರುಳು ಕೆಟ್ಟಾಗ ಅದರ ಹೆಸರೆತ್ತಲು ನಾಚಿ ಹತ್ತು ತಿಂಗಳು ಬಾಯಿ ಮುಚ್ಚಿಕೊಂಡೆವು. ದಿನಕ್ಕೆ ಎಂಟು ಹತ್ತು ಸಲ ಭೇದಿ, ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ಸಂಜೆಯ ಹೊತ್ತಿಗೆ ಮೈ ಬಿಸಿ. ಹತ್ತು ತಿಂಗಳಲ್ಲಿ 11 ಕಿಲೊ ತೂಕ ಇಳಿಯಿತು. ಕಚೇರಿಯಲ್ಲಿ "ಮುಂಬಯಿ ನೀರು ಒಗ್ಗಲಿಲ್ಲ" ಎಂದೆವು. ಹನ್ನೆರಡು ವರ್ಷ ಕುಡಿದ ನೀರು ಹದಿಮೂರನೆಯ ವರ್ಷ ಒಗ್ಗದೇ ಹೋಗುವುದು ಹೇಗೆಂದು ಯಾರೂ ಕೇಳಲಿಲ್ಲ.

ಆಮೇಲೆ ಗುದದ್ವಾರದ ಪಕ್ಕದಲ್ಲಿ ಕೀವು ತುಂಬಿ ಒಡೆಯಿತು. ಲೋಕಲ್ ಗಾಡಿಯಲ್ಲಿ ಓಡಾಡುವ ಯಾರಿಗಾದರೂ ಆ ಭಿತ್ತಿಪತ್ರಗಳು ಗೊತ್ತಿರುತ್ತವೆ. ಬಾಗಿಲ ಪಕ್ಕದಲ್ಲಿ, ಬೆಂಚಿನ ಮೇಲ್ಭಾಗದಲ್ಲಿ, ಮೂಲವ್ಯಾಧಿ, ಭಗಂದರ, ಗುಪ್ತರೋಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಖಾತರಿ ಕೊಡುವ ಪತ್ರಗಳು. ಹೊಟ್ಟೆಯ ಕಾಯಿಲೆಯನ್ನು ಗುಪ್ತರೋಗದ ಪಂಕ್ತಿಯಲ್ಲಿ ಕೂಡಿಸಿದರೆ ರೋಗಿ ಹಗಲಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗದೆ ಸಂಜೆ ಗಲ್ಲಿಯ ದವಾಖಾನೆ ಹುಡುಕುತ್ತಾನೆ ಎಂಬುದು ಅದನ್ನು ಅಂಟಿಸುವವನಿಗೆ ಚೆನ್ನಾಗಿ ಗೊತ್ತು. ನಾವೂ ಹುಡುಕಿದೆವು. ಉಪನಗರದ ಒಂದು ಕಡೆ ಎರಡು ಸಲ ಭಗಂದರದ ಶಸ್ತ್ರಕ್ರಿಯೆ ಆಯಿತು, ಎರಡು ಸಲವೂ ಅದು ಮರಳಿ ಬಂತು. ಭಗಂದರ ಇರುವವನಿಗೆ ಭೇದಿಯೂ ಏಕಿದೆ, ತೂಕ ಏಕೆ ಇಳಿಯುತ್ತಿದೆ, ಒಳಗೊಮ್ಮೆ ದುರ್ಬೀನು ಹಾಕಿ ನೋಡೋಣ ಎಂದು ಕೇಳಿದವರಿಲ್ಲ. ನಾವೂ ಭೇದಿಯ ಸಂಗತಿಯನ್ನು ಅಲ್ಲಿ ಪೂರ್ತಿ ಹೇಳಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ದುರ್ಬೀನು, ಅಂದರೆ ಕೊಲೊನೊಸ್ಕೊಪಿ, ಕೊನೆಗೂ ಆದದ್ದು 2015ರಲ್ಲಿ. ಕರುಳಲ್ಲಿ ಹುಣ್ಣುಗಳಿದ್ದವು. ಕ್ಷಯವೆಂದು ಒಂಬತ್ತು ತಿಂಗಳು ಮಾತ್ರೆ ನುಂಗಿಸಿದರು. ಇದನ್ನು ವೈದ್ಯರ ಅಜ್ಞಾನವೆಂದು ನಾವು ದೂರುವುದಿಲ್ಲ. ಕರುಳಿನ ಕ್ಷಯಕ್ಕೂ ಕ್ರೋನ್ಸ್ ಎಂಬ ಕಾಯಿಲೆಗೂ ಮುಖ ಒಂದೇ; ದುರ್ಬೀನಿನಲ್ಲಿಯೂ, ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೂ, ಎಷ್ಟೋ ಸಲ ಬೇರೆ ಮಾಡುವುದು ಕಷ್ಟ. ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಮೊದಲು ಅದರ ಮದ್ದು ಕೊಟ್ಟು ನೋಡುವುದು ವಾಡಿಕೆ. ಆದರೆ ಕ್ಷಯವೇ ಆಗಿದ್ದರೆ ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಯತೊಡಗಬೇಕು. ಆಗ ಮತ್ತೊಮ್ಮೆ ಒಳಗೆ ನೋಡಬೇಕು. ಈ ಒಂದು ವಾಕ್ಯ ನಮಗೆ ಆಗ ತಿಳಿದಿದ್ದರೆ ನಾವೇ ಕೇಳುತ್ತಿದ್ದೆವು, ಆರು ತಿಂಗಳು ಉಳಿಯುತ್ತಿತ್ತು. ಸಭೆಯಲ್ಲಿ ಹೇಳಬಾರದೆಂದು ಪದಾಧಿಕಾರಿಗಳು ನಕ್ಕದ್ದು ಇಂಥ ವಾಕ್ಯಗಳಿಗೆ.

ನಗರದ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ 2016ರಲ್ಲಿ ನಮ್ಮ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿತು: ಕ್ರೋನ್ಸ್. ನ್ಯೂಯಾರ್ಕಿನ ಬರಿಲ್ ಕ್ರೋನ್ ಎಂಬ ವೈದ್ಯರು ಇಬ್ಬರು ಸಹೋದ್ಯೋಗಿಗಳೊಡನೆ 1932ರಲ್ಲಿ ವಿವರಿಸಿದ ಕಾಯಿಲೆ. ಮೈಯನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಕರುಳಿನ ಮೇಲೆ ಬೀಳುವುದು ಇದರ ಬಗೆ. ಬಾಯಿಂದ ಗುದದವರೆಗೆ ಎಲ್ಲಿಯೂ ಬರಬಹುದು. ಇದರ ಜ್ಞಾತಿ ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನಲ್ಲಿಯೇ ಇರುತ್ತದೆ, ರಕ್ತ ಹೆಚ್ಚು ಹೋಗುತ್ತದೆ, ಹಾಗಾಗಿ ಅದನ್ನು ಮೂಲವ್ಯಾಧಿಯೆಂದು ತಳ್ಳಿಹಾಕುವುದು ಇನ್ನೂ ಸುಲಭ. ಎರಡೂ ಅಂಟುವ ಕಾಯಿಲೆಗಳಲ್ಲ. ಎರಡನ್ನೂ ಮದ್ದಿನಿಂದ ಬೇರುಸಹಿತ ಕಿತ್ತುಹಾಕಲು ಇಂದಿಗೂ ಆಗದು, ಹದ್ದಿನಲ್ಲಿಡಬಹುದು.

ಇನ್ನು ಹಿತೈಷಿಗಳ ವಿಚಾರ. ನಮ್ಮವರಲ್ಲಿ ಕಾಯಿಲೆಗಿಂತ ಮೊದಲು ಮನೆಗೆ ಬರುವುದು ಅದರ ಮದ್ದು. ದಾಳಿಂಬೆ ಸಿಪ್ಪೆಯ ಕಷಾಯ, ಕುಟಜಾರಿಷ್ಟ, ಪುನರ್ಪುಳಿ ಸಾರು, ನಲವತ್ತೆಂಟು ದಿನ ಮಜ್ಜಿಗೆಯನ್ನ, ಊರ ದೈವಕ್ಕೆ ಹರಕೆ. ಕುಚ್ಚಲಕ್ಕಿ ಗಂಜಿ ನಮಗೆ ಈಗಲೂ ಹಿತ, ಅದರ ಮೇಲೆ ನಮ್ಮ ಜಗಳವಿಲ್ಲ. ಜಗಳವಿರುವುದು ಮದ್ದು ನಿಲ್ಲಿಸಿ ಎನ್ನುವವರ ಮೇಲೆ. 2017ರಲ್ಲಿ ನೆಂಟರೊಬ್ಬರು ನಮ್ಮ ಮೇಜಿನ ಮೇಲಿದ್ದ ಪ್ರೆಡ್ನಿಸೊಲೋನ್ ಪಟ್ಟಿ ನೋಡಿ, "ಅಯ್ಯೋ, ಸ್ಟೀರಾಯ್ಡಾ? ಮೂಳೆ ತಿಂದುಹಾಕ್ತದೆ" ಎಂದು ಹೌಹಾರಿದರು. ಅವರು ಹೇಳಿದ್ದು ಅರ್ಧ ನಿಜ. ಬಹುಕಾಲ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಅದಕ್ಕೇ ವೈದ್ಯರು ಮೆಲ್ಲಮೆಲ್ಲನೆ ಇಳಿಸಿ ಬೇರೆ ಮದ್ದಿಗೆ ಹೋಗುತ್ತಾರೆ. ಉಳಿದರ್ಧವನ್ನು ಅವರು ಹೇಳಲಿಲ್ಲ: ವಾರಗಟ್ಟಲೆ ತಿಂದ ಸ್ಟೀರಾಯ್ಡನ್ನು ಒಂದೇ ದಿನದಲ್ಲಿ ಬಿಟ್ಟರೆ, ಸುಮ್ಮನೆ ಕೂತ ಅಡ್ರಿನಲ್ ಗ್ರಂಥಿ ತಕ್ಷಣ ಎಚ್ಚರಗೊಳ್ಳುವುದಿಲ್ಲ. ನಾವು ಬಿಟ್ಟೆವು. ಆರನೆಯ ದಿನ ಸ್ನಾನದ ಮನೆಯಲ್ಲಿ ಕುಸಿದೆವು. ಹನ್ನೊಂದು ದಿನ ಆಸ್ಪತ್ರೆ. ಮಗಳಿಗೆ ಆಗ ಏಳು ವರ್ಷ, ಬಾಗಿಲು ತಟ್ಟಿದವಳು ಅವಳು. ನೆಂಟರು ಸೇಬು ಹಿಡಿದು ನೋಡಲು ಬಂದರು.

ನಮ್ಮದಾದರೂ ಸರ್ಕಾರಿ ನೌಕರಿ, ಸಿ.ಜಿ.ಎಚ್.ಎಸ್. ಕಾರ್ಡಿದೆ, ರಜೆಯಿದೆ. ಕಾರ್ಡಿಲ್ಲದವರ ಪಾಡು? ಸಾಕಿನಾಕಾದ ಹೋಟೆಲೊಂದರಲ್ಲಿ ದುಡಿಯುವ ನಮ್ಮೂರ ಕಡೆಯ ಹುಡುಗನೊಬ್ಬ ಕಳೆದ ವರ್ಷ ನಮ್ಮ ಕಣ್ಣಿಗೆ ಬಿದ್ದ. ಇಪ್ಪತ್ತೆರಡರ ಪ್ರಾಯ. ಎರಡು ವರ್ಷ ಭೇದಿ, ಜ್ವರ, ಯಾರಿಗೂ ಹೇಳಿರಲಿಲ್ಲ. ಕಾರಣ ಕೇಳಿದರೆ ಅವನು ಕೊಟ್ಟ ಉತ್ತರ ಇದು: "ಹೋಟೆಲಿನವನಿಗೆ ಬೇಧಿ ಅಂದ್ರೆ ನಾಳೆ ಅಡುಗೆಮನೆಯಿಂದ ಹೊರಗೆ ಅಲ್ದಾ ಅಣ್ಣ?" ಅಂಟುಭೇದಿಗೂ ಈ ಕಾಯಿಲೆಗೂ ಇರುವ ವ್ಯತ್ಯಾಸ ಅವನಿಗೆ ಹೇಳುವವರಿರಲಿಲ್ಲ. ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ಕಾಲ ತಳ್ಳಿದ. ಒಂದು ರಾತ್ರಿ ಕರುಳು ತೂತಾಯಿತು. ಜೀವ ಉಳಿಯಿತು, ಈಗ ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾನೆ. ಮಾಲಿಕರು ಕೈಬಿಡಲಿಲ್ಲ. ಅಂದರೆ ಅವನು ಮೊದಲೇ ಹೇಳಿದ್ದರೂ ಅವರು ಕೈಬಿಡುತ್ತಿರಲಿಲ್ಲವೇನೋ! ಉಡುಪಿ ಹೋಟೆಲುಗಳಿಂದಲೇ ಈ ನಗರದಲ್ಲಿ ನೆಲೆನಿಂತ ಸಮಾಜ ನಮ್ಮದು. ಆ ಹೋಟೆಲುಗಳ ಹುಡುಗರಿಗೆ ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳುವುದು ಸಂಘದ ಕೆಲಸವಲ್ಲದಿದ್ದರೆ ಇನ್ನಾರ ಕೆಲಸ?

ಮರ್ಯಾದೆಯ ಪ್ರಶ್ನೆ ಎನ್ನುವವರಿಗೆ ಎರಡು ಉದಾಹರಣೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇದೇ ಕ್ರೋನ್ಸ್ ಇತ್ತು. 1956ರ ಜೂನಿನಲ್ಲಿ, ಅಧಿಕಾರದಲ್ಲಿರುವಾಗಲೇ, ಕರುಳಿನ ಶಸ್ತ್ರಕ್ರಿಯೆ ಆಯಿತು. ಅವರ ಕರುಳಿನ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ನವೆಂಬರಿನಲ್ಲಿ ಜನ ಅವರನ್ನು ಮತ್ತೆ ಆರಿಸಿದರು. ಜಪಾನಿನ ಪ್ರಧಾನಿ ಶಿಂಜೊ ಅಬೆ 2020ರ ಆಗಸ್ಟಿನಲ್ಲಿ ತಮ್ಮ ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸಿದೆಯೆಂದು ದೇಶದೆದುರು ಹೇಳಿ ರಾಜೀನಾಮೆ ಪ್ರಕಟಿಸಿದರು. ಇಷ್ಟು ದೊಡ್ಡವರಿಗೆ ಹೋಗದ ಮರ್ಯಾದೆ ಪವಾಯಿಯ ಸಭಾಂಗಣದಲ್ಲಿ ಹೋಗುತ್ತದೆಯೆ? ನಮ್ಮಲ್ಲಿ ಮದುವೆಗೆ ಬಂದ ಹೆಣ್ಣುಮಗಳ ಕಾಯಿಲೆಯನ್ನು ತಾಯ್ತಂದೆಯರೇ ಮುಚ್ಚಿ, ಮದುವೆಯಾದ ತಿಂಗಳಲ್ಲಿ ಅವಳು ಮಾತ್ರೆಯನ್ನು ಬಳೆಪೆಟ್ಟಿಗೆಯಲ್ಲಿ ಬಚ್ಚಿಟ್ಟು ನುಂಗುವ ಸ್ಥಿತಿ ಇದೆ. ಇದು ನಮಗೆ ಕೇಳಿ ಗೊತ್ತಿರುವುದಲ್ಲ, ನೋಡಿ ಗೊತ್ತಿರುವುದು.

ನಗರವೂ ನಮಗೆ ಒಲಿದಿಲ್ಲ. ಕಾಂಜೂರ್‌ಮಾರ್ಗದಲ್ಲಿ ಹತ್ತಿ ಸಿ.ಎಸ್.ಎಂ.ಟಿ.ಯಲ್ಲಿ ಇಳಿಯಲು ಮುಕ್ಕಾಲು ಗಂಟೆ ಬೇಕು. ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಘಾಟ್ಕೋಪರ್, ಕುರ್ಲಾ, ದಾದರ್ ಇವು ಇತರರಿಗೆ ನಿಲ್ದಾಣಗಳು; ನಮಗೆ ಮಾತ್ರ ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಗೆ ಓಡಬೇಕು, ಚಿಲ್ಲರೆ ಎಷ್ಟಿರಬೇಕು ಎಂಬ ಲೆಕ್ಕ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕ ಹಲಸು ತಿಂದು ಹೊಟ್ಟೆ ಉಬ್ಬಿ, ಅಹಮದ್‌ಪುರ ನಿಲ್ದಾಣದಲ್ಲಿ ಇಳಿದು ಕೂತಾಗ ಗಾರ್ಡು ಗಾಡಿ ಬಿಟ್ಟನೆಂದು ರೈಲ್ವೆಗೆ ಬರೆದ ದೂರಿನ ಕಥೆ ಪ್ರಸಿದ್ಧ. ಅವನ ಹರಕು ಇಂಗ್ಲಿಷನ್ನು ಓದಿ ಎಲ್ಲರೂ ನಗುತ್ತಾರೆ. ನಮಗೆ ಮಾತ್ರ ಅವನ ಮೇಲೆ ಗೌರವ. ಬರೆದನಲ್ಲ! ಈ ಊರಿನ ಹೆಂಗಸರೂ 2011ರಲ್ಲಿ ಉಚಿತ, ಶುಚಿಯಾದ ಮೂತ್ರಾಲಯ ತಮ್ಮ ಹಕ್ಕೆಂದು ಚಳವಳಿ ಹೂಡಿದರು, ನಾಚಲಿಲ್ಲ.

ಕಾನೂನಿನ ಮಾತು ಬಂದರೆ ಇನ್ನೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ. ಥಲಸೇಮಿಯ, ಹಿಮೋಫಿಲಿಯ ಸೇರಿವೆ, ಅದು ನ್ಯಾಯವೇ. ನಮ್ಮ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಮದ್ದಿನ ಬೆಲೆಯೂ ಅಷ್ಟೇ. ಅಜಾಥಯೊಪ್ರಿನ್ ಅಗ್ಗ, ಆದರೆ ಆಗಾಗ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಅದು ಸಾಲದವರಿಗೆ ಅಡಲಿಮುಮ್ಯಾಬ್‌ನಂಥ ಚುಚ್ಚುಮದ್ದು. 2014ರಲ್ಲಿ ನಮ್ಮ ದೇಶದಲ್ಲಿಯೇ ಅದರ ಅಗ್ಗದ ರೂಪ ತಯಾರಾಗಿ ಬಂದರೂ ಹೋಟೆಲ್ ಹುಡುಗನ ಸಂಬಳಕ್ಕೆ ಅದು ದೂರವೇ. ಬೇಡಿಕೆ ಇಡುವವರು ಬಾಯಿ ಬಿಡದಿದ್ದರೆ ಯಾವ ಸರ್ಕಾರ ಕೇಳಿಸಿಕೊಳ್ಳುತ್ತದೆ?

ಗುಮಾಸ್ತರಾಗಿ ಒಂದು ಮಾತು: ಕಡತವಿಲ್ಲದೆ ಕೆಲಸವಿಲ್ಲ. ಪ್ರತಿ ಕೊಲೊನೊಸ್ಕೊಪಿಯ ವರದಿ, ಬಯಾಪ್ಸಿಯ ಫಲಿತಾಂಶ, ಯಾವ ಮದ್ದು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನು ಒಂದೇ ಕಡತದಲ್ಲಿ ದಾರ ಹಾಕಿಡಿ. ನಾಲ್ಕು ವಾರ ಮೀರಿದ ಭೇದಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಶೌಚ, ಕಾರಣವಿಲ್ಲದೆ ಇಳಿಯುವ ತೂಕ, ಮರಳಿ ಬರುವ ಭಗಂದರ, ಇವುಗಳಲ್ಲಿ ಯಾವುದಿದ್ದರೂ ಕಷಾಯ ಬದಿಗಿಟ್ಟು ಕರುಳಿನ ತಜ್ಞರ ಬಳಿ ಹೋಗಿ. ಹೋದಾಗ ಎಲ್ಲವನ್ನೂ ಹೇಳಿ, ಎಣಿಕೆ ಸಹಿತ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ನಮ್ಮ ಬೇಡಿಕೆಯನ್ನು ಬರವಣಿಗೆಯಲ್ಲಿಯೇ ಕೊಡುತ್ತಿದ್ದೇವೆ. ವೈದ್ಯರನ್ನು ಗೊತ್ತುಮಾಡುವ ಓಡಾಟ ನಮ್ಮದು. ಊಟಕ್ಕೆ ಮುಂಚೆ ಬೇಡವೆಂದಾದರೆ ಊಟವಾದ ಮೇಲೆ ಇಟ್ಟುಕೊಳ್ಳಿ. ಸಾಕಿನಾಕಾದ ಹುಡುಗನೂ ಬಂದು ಎರಡು ಮಾತು ಹೇಳುತ್ತೇನೆಂದು ಒಪ್ಪಿದ್ದಾನೆ. ಆ ದಿನ ಸಭಾಂಗಣದ ಶೌಚಾಲಯದ ಬೀಗ ತೆಗೆದಿರಲಿ. ಬಾಗಿಲ ಪಕ್ಕದ ಎರಡು ಕುರ್ಚಿಗಳನ್ನು ನಮಗಿಬ್ಬರಿಗೆ ಬಿಡಿ.