ಇಸಿಎಂ ಹೋಗಿದೆ ಅಂದ ಕೂಡಲೇ ದುಡ್ಡು ಎಣಿಸಬೇಡಿ

ನಮ್ಮದು ಬಿಎಸ್ 4 ಪಿಕಪ್, 2018ರದ್ದು. ಆಲೂಗೆಡ್ಡೆ ತುಂಬ್ಕೊಂಡು ಹೊಳೆನರಸೀಪುರದಿಂದ ಹಾಸನ ಎಪಿಎಂಸಿಗೆ ಹೊರಟಿದ್ದೆ, ಅರ್ಧ ದಾರೀಲಿ ನಿಂತೋಯ್ತು. ಸ್ಟಾರ್ಟರ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಮೂಟೆಗಳನ್ನ ಬೇರೆ ಗಾಡಿಗೆ ಹಾಕಿ ಕಳಿಸ್ದೆ.

ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು. ಇಸಿಎಂ ಉತ್ತರನೇ ಕೊಡ್ತಿಲ್ಲ, ಹೋಗಿದೆ ಅಂದ್ರು. ಹೊಸದರ ರೇಟು ಕೇಳಿ ಎದೆ ಒಡೀತು. ಗುಜರಿ ಗಾಡೀದು ಒಂದು ಹದಿನೆಂಟು ಸಾವಿರಕ್ಕೆ ತಂದೆ. ಹಾಕಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಕೀಯೊಳಗೆ ಚಿಪ್ ಇರುತ್ತಲ್ಲ, ಅದನ್ನ ಇಸಿಎಂಗೆ ಜೋಡಿ ಮಾಡ್ಬೇಕಂತೆ. ಇಂಜೆಕ್ಟರ್ ಮೇಲಿರೋ ನಂಬರೂ ಒಳಗೆ ತುಂಬ್ಬೇಕಂತೆ, ಅದಕ್ಕೆ ಬೇರೆ ದುಡ್ಡು. ಎಂಟು ದಿನ ಓಡ್ತು, ಮತ್ತೆ ನಿಂತಿತು.

ಆಮೇಲೆ ಅರಕಲಗೂಡಿನ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಅರ್ಧ ಗಂಟೇಲಿ ಕಂಡುಹಿಡಿದ್ರು: ಚಾಸಿಗೆ ಬರೋ ಅರ್ತ್ ವೈರ್ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿ, ನನ್ನ ಹಳೇ ಇಸಿಎಂ ವಾಪಸ್ ಹಾಕಿದ್ರು. ಒಂದೇ ಕೀಗೆ ಸ್ಟಾರ್ಟ್!

ಸ್ಕ್ಯಾನರ್ ತಪ್ಪು ಅನ್ನಲ್ಲ. ಕರೆಂಟೇ ಸರಿಯಾಗಿ ಬರದಿದ್ರೆ ಇಸಿಎಂ ಹೆಂಗೆ ಉತ್ತರ ಕೊಡುತ್ತೆ? ಮೊದ್ಲು ಬ್ಯಾಟರಿ, ಫ್ಯೂಸ್, ರಿಲೇ, ಅರ್ತ್, ಆಮೇಲೆ ಇಲಿ ಕಡಿದ ವೈರ್ ನೋಡ್ಸಿ. ಹುಲ್ಲಿನ ಕೊಟ್ಟಿಗೇಲಿ ಗಾಡಿ ನಿಲ್ಸೋ ನಮಗೆ ಇಲಿ ಕಾಟ ಹೇಳೋದೇ ಬೇಡ. ಬಾಡಿಗೆ ವೆಲ್ಡಿಂಗ್ ಮಾಡ್ಸುವಾಗ ಬ್ಯಾಟರಿ ವೈರ್ ಬಿಚ್ಚಿಸಿ, ಇಲ್ಲಾಂದ್ರೆ ನಿಜವಾಗ್ಲೂ ಇಸಿಎಂ ಸುಟ್ಟೋಗುತ್ತೆ. ಬದಲಾಯಿಸಿದ್ರೆ ಹಳೇದನ್ನ ಕೇಳಿ ಇಸ್ಕೊಳ್ಳಿ. ನಾನು ಇಸ್ಕೊಂಡಿದ್ದಕ್ಕೇ ಬಚಾವಾದೆ.

ಹದಿನೆಂಟು ಸಾವಿರದ್ದು ಈಗ ಅಟ್ಟದ ಮೇಲಿದೆ. ಗುಜರಿಯವ್ರು ವಾಪಸ್ ತಗೊಳಲ್ಲ ಅಂತಾರೆ.