ಕಲಿಸಿದವನ ಭಯ, ಕಲಿತವನ ಹಕ್ಕು

ವೈರಿಂಗ್, ಪ್ಲಂಬಿಂಗ್, ಎ.ಸಿ. ದುರಸ್ತಿ, ಬಾವಿಯ ಪಂಪಿನ ಕೆಲಸ ಮುಂತಾದ ಸೇವೆಗಳನ್ನು ಮನೆಬಾಗಿಲಿಗೆ ಒದಗಿಸುವ ಸಣ್ಣ ಉದ್ಯಮಗಳು ಮಂಜೇಶ್ವರದಿಂದ ಕಾಸರಗೋಡಿನವರೆಗೆ ಪ್ರತಿಯೊಂದು ಪೇಟೆಯಲ್ಲಿಯೂ ಇವೆ. ಅವುಗಳ ಧಣಿಗಳು ವಕೀಲರಲ್ಲಿಗೆ ಬರುವುದು ಬಹುತೇಕ ಒಂದೇ ಕೋರಿಕೆಯೊಂದಿಗೆ: "ಹುಡುಗನಿಗೆ ಕೆಲಸ ಕಲಿಸುತ್ತೇನೆ, ಕಲಿತ ಮೇಲೆ ಬಿಟ್ಟುಹೋಗದಂತೆ ಒಂದು ಬಾಂಡ್ ಬರೆದುಕೊಡಿ." ಬಾಂಡಿನಲ್ಲಿ ಏನಿರಬೇಕೆಂಬುದೂ ಅವರ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಐದು ವರ್ಷ ಕೆಲಸ ಬಿಡಬಾರದು. ಬಿಟ್ಟರೆ ಇದೇ ತಾಲೂಕಿನಲ್ಲಿ ಇದೇ ಕಸುಬು ಮಾಡಬಾರದು. ಐದು ಲಕ್ಷ ರೂಪಾಯಿ ತೆರಬೇಕು. ಅಲ್ಲಿಯವರೆಗೆ ಹುಡುಗನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಅಂಗಡಿಯ ಕಪಾಟಿನಲ್ಲಿರಬೇಕು.

ಧಣಿಯ ಭಯ ಸುಳ್ಳೇನಲ್ಲ. ಎರಡು ವರ್ಷ ಜೊತೆಗಿಟ್ಟುಕೊಂಡು, ಅವನು ಸುಟ್ಟ ಮೋಟಾರು, ಒಡೆದ ಪೈಪುಗಳ ನಷ್ಟವನ್ನೂ ಹೊತ್ತು ಕಲಿಸಿದ ಮೇಲೆ ಹುಡುಗ ಮಂಗಳೂರಿಗೋ ಗಲ್ಫಿಗೋ ಹೊರಡುತ್ತಾನೆ. ಇಲ್ಲವೇ ಮುಂದಿನ ಪೇಟೆಯಲ್ಲಿಯೇ ಸ್ವಂತ ಅಂಗಡಿ ತೆರೆಯುತ್ತಾನೆ. ಈ ಅನುಭವವಾದ ಧಣಿ ಮುಂದಿನ ಹುಡುಗನಿಗೆ ಅರ್ಧ ಮಾತ್ರ ಕಲಿಸುತ್ತಾನೆ. ಅರ್ಧ ಕಲಿತವನು ಮಾಡಿದ ಅರ್ಥಿಂಗ್ ನಿಮ್ಮ ಮನೆಯಲ್ಲಿರುತ್ತದೆ. ಆದುದರಿಂದ ಇದು ಧಣಿ ಮತ್ತು ಆಳಿನ ನಡುವಿನ ವಿಷಯ ಮಾತ್ರವೆಂದು ಓದುಗರು ಭಾವಿಸಬೇಕಾಗಿಲ್ಲ.

ಈಗ ಆ ಷರತ್ತುಗಳನ್ನು ನೋಡೋಣ. ಕೆಲಸ ಬಿಟ್ಟ ಮೇಲೆ ಕಸುಬು ಮಾಡಬಾರದೆಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ. ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರಗಳಿಂದ ಒಬ್ಬನನ್ನು ತಡೆಯುವ ಕರಾರು, ತಡೆಯುವಷ್ಟರ ಮಟ್ಟಿಗೆ ಶೂನ್ಯ. ಕ್ರಿಕೆಟಿಗ ಜಹೀರ್ ಖಾನ್ ಅವರನ್ನು ಕರಾರಿನ ಅವಧಿ ಮುಗಿದ ಮೇಲೆಯೂ ಕಟ್ಟಿಹಾಕಲು ಯತ್ನಿಸಿದ ಕಂಪೆನಿಗೆ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬೌಲರನಿಗೆ ಅನ್ವಯವಾದ ಕಾನೂನು ಪ್ಲಂಬರನಿಗೂ ಅನ್ವಯವಾಗುತ್ತದೆ.

ಆದರೆ ಕರಾರಿನ ಅವಧಿಯೊಳಗಿನ ಮಾತು ಬೇರೆ. ಮುಂಬಯಿ ಸಮೀಪದ ಕಲ್ಯಾಣದಲ್ಲಿ ಟಯರು ನೂಲು ತಯಾರಿಸುತ್ತಿದ್ದ ಸೆಂಚುರಿ ಕಂಪೆನಿ, ಗೋಲಿಕರಿ ಎಂಬ ಶಿಫ್ಟ್ ಸೂಪರ್‌ವೈಸರನಿಗೆ ವಿದೇಶೀ ತಂತ್ರದಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟಿತು. ಐದು ವರ್ಷದ ಕರಾರಿದ್ದರೂ ಆತ ನಡುವೆಯೇ ಬಿಟ್ಟು ಕೋಟಾದ ಪ್ರತಿಸ್ಪರ್ಧಿ ಕಂಪೆನಿಯನ್ನು ಸೇರಿದ. ಒಪ್ಪಿದ ಅವಧಿ ಮುಗಿಯುವವರೆಗೆ ಅಂಥ ಕೆಲಸಕ್ಕೆ ಬೇರೆ ಕಡೆ ಸೇರಬಾರದೆಂಬ ಷರತ್ತು ಊರ್ಜಿತವೆಂದು 1967ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿ ಗುಟ್ಟಾದ ತಂತ್ರಜ್ಞಾನವಿತ್ತು, ನಿಶ್ಚಿತ ಸಂಬಳವಿತ್ತು ಎಂಬುದನ್ನು ಮರೆಯಬಾರದು. ಸ್ವಿಚ್ ಬೋರ್ಡ್ ಕೂಡಿಸುವುದು ಯಾರ ಗುಟ್ಟೂ ಅಲ್ಲ.

ಐದು ಲಕ್ಷದ ವಿಷಯ. 2025ರ ಮೇ ತಿಂಗಳಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಹೋದ ಅಧಿಕಾರಿ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇದನ್ನು ಕೇಳಿ ಧಣಿಗಳು ಹಿಗ್ಗಬೇಕಾಗಿಲ್ಲ. ಸಾರ್ವಜನಿಕ ಬ್ಯಾಂಕು ಹೊಸಬನನ್ನು ನೇಮಿಸಲು ದೀರ್ಘವಾದ ಮುಕ್ತ ಪ್ರಕ್ರಿಯೆ ನಡೆಸಬೇಕಾಗುತ್ತದೆಂಬುದನ್ನೂ, ಆ ಹುದ್ದೆಯ ಸಂಬಳವನ್ನೂ ನ್ಯಾಯಾಲಯ ಗಮನಿಸಿತು. ಕರಾರು ಕಾಯ್ದೆಯ 74ನೆಯ ಕಲಮಿನಂತೆ ಕಾಗದದಲ್ಲಿ ಬರೆದ ಮೊತ್ತ ಕೇವಲ ಗರಿಷ್ಠ ಮಿತಿ. ಸಿಗುವುದು ಸಮಂಜಸವಾದ ಪರಿಹಾರ. ತರಬೇತಿಗೆ ಖರ್ಚಾದುದರ ಲೆಕ್ಕವಿಲ್ಲದ ಧಣಿ ಸಮಂಜಸವಾದುದು ಎಷ್ಟೆಂದು ಹೇಗೆ ತೋರಿಸುತ್ತಾನೆ? ಇನ್ನು ಸರ್ಟಿಫಿಕೇಟನ್ನು ಅಡವಿನಂತೆ ಇಟ್ಟುಕೊಳ್ಳುವ ಹಕ್ಕು ಧಣಿಗೆ ಯಾವ ಕಾಯ್ದೆಯಲ್ಲಿಯೂ ಇಲ್ಲ. ಹುಡುಗನಿಗೆ 18 ತುಂಬಿರದಿದ್ದರೆ ಅವನು ಸಹಿ ಹಾಕಿದ ಬಾಂಡೇ ಶೂನ್ಯ.

ಹಾಗಾದರೆ ಕಲಿಸುವವನಿಗೆ ರಕ್ಷಣೆಯೇ ಇಲ್ಲವೆ? ಇದೆ, ಅದನ್ನು ಕೇಳಿಕೊಂಡು ಬರುವವರು ವಿರಳ. 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರವೆಂಬ ಭಾವನೆ ಬಲವಾಗಿದೆ. 2019ರ ತಿದ್ದುಪಡಿಯ ನಂತರ ನಾಲ್ಕು ಮಂದಿ ಕೆಲಸಗಾರರಿರುವ ಸಂಸ್ಥೆಯೂ ಅಪ್ರೆಂಟಿಸರನ್ನು ತೆಗೆದುಕೊಳ್ಳಬಹುದು. 30 ಮಂದಿ ಇದ್ದರೆ ತೆಗೆದುಕೊಳ್ಳಲೇಬೇಕು. ಕರಾರನ್ನು ನೋಂದಾಯಿಸಬೇಕು, ಅಪ್ರಾಪ್ತನ ಪರವಾಗಿ ಪೋಷಕರು ಸಹಿ ಹಾಕಬೇಕು, ಅಪಾಯಕರ ಕೈಗಾರಿಕೆಗಳ ಕಸುಬಿಗೆ 18 ತುಂಬಿರಬೇಕು. ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರಕಾರ ಭರಿಸುವ ಯೋಜನೆ 2016ರಲ್ಲಿ ಆರಂಭವಾಯಿತು.

ಈ ಕಾಯ್ದೆಯ 22ನೆಯ ಕಲಮಿನ ಎರಡನೆಯ ಉಪಕಲಮನ್ನು ಧಣಿಗಳು ಗಮನವಿಟ್ಟು ಓದಬೇಕು. ತರಬೇತಿ ಮುಗಿದ ಮೇಲೆ ಇಂತಿಷ್ಟು ಕಾಲ ಇಲ್ಲಿಯೇ ದುಡಿಯಬೇಕೆಂದು ಕರಾರಿನಲ್ಲಿ ಬರೆಯಬಹುದು. ಬರೆದರೆ ಹುಡುಗ ದುಡಿಯಲು ಬದ್ಧ; ಆದರೆ ಧಣಿಯೂ ಕರಾರಿನ ಸಂಬಳಕ್ಕೆ ತಕ್ಕ ಕೆಲಸ ಕೊಡಲು ಬದ್ಧ. ಅವಧಿಯೋ ಸಂಬಳವೋ ಅನ್ಯಾಯವೆನಿಸಿದರೆ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿ ಅದನ್ನು ತಿದ್ದಬಹುದು. ತರಬೇತಿಯ ನಡುವೆ ಹುಡುಗನ ತಪ್ಪಿನಿಂದ ಕರಾರು ಮುರಿದರೆ, ಮರಳಿಸಬೇಕಾದ ತರಬೇತಿಯ ವೆಚ್ಚವನ್ನು ನಿರ್ಧರಿಸುವವನೂ ಆ ಅಧಿಕಾರಿಯೇ. ಧಣಿಗಳು ಬಯಸುವ ಬಾಂಡಿಗೂ ಇದಕ್ಕೂ ಇರುವ ಅಂತರ ಇಷ್ಟೆ: ಇಲ್ಲಿ ಗಂಟು ಎರಡೂ ಕಡೆ ಬೀಳುತ್ತದೆ. ಅದೇ ಕಾರಣಕ್ಕೆ ಕೆಲವರಿಗೆ ಇದು ರುಚಿಸುವುದಿಲ್ಲ ಎಂಬ ಸಂದೇಹ ನನಗಿದೆ.

ಕಲಿತವನನ್ನು ಉಳಿಸಿಕೊಳ್ಳುವುದಕ್ಕೆ ಕಾಗದಕ್ಕಿಂತ ಮೇಲೇರುವ ದಾರಿ ಹೆಚ್ಚು ಉಪಯುಕ್ತ. ವಿದ್ಯುತ್ ಕೆಲಸದಲ್ಲಿ ಆ ದಾರಿಯನ್ನು ಸರಕಾರವೇ ಹಾಕಿಟ್ಟಿದೆ. ಕೇರಳ ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ ಮೊದಲು ವೈರ್‌ಮನ್ ಪರ್ಮಿಟ್, ಅದರ ಮೇಲೆ ಸೂಪರ್‌ವೈಸರ್ ಸರ್ಟಿಫಿಕೇಟ್, ಕಂಟ್ರಾಕ್ಟರ್ ಲೈಸೆನ್ಸ್ ಕೊಡುತ್ತದೆ. ಹುಡುಗನನ್ನು ಪರ್ಮಿಟ್ ಪರೀಕ್ಷೆಗೆ ಕಳಿಸದೆ ಹತ್ತು ವರ್ಷ "ಹೆಲ್ಪರ್" ಆಗಿಯೇ ಇಟ್ಟುಕೊಂಡ ಧಣಿಗಳನ್ನು ನಾವೆಲ್ಲ ಕಂಡಿದ್ದೇವೆ. ಅಂಥವರ ಅಂಗಡಿಯಲ್ಲಿ ಧಣಿಯೇ ಎಸ್ಟಿಮೇಟ್ ಹಾಕಬೇಕು, ಧಣಿಯೇ ಫೋನ್ ಎತ್ತಬೇಕು. ಧಣಿಗೆ ಜ್ವರ ಬಂದರೆ ಅಂಗಡಿಗೂ ಜ್ವರ.

ಹಿರಿಯ ಕೆಲಸಗಾರನನ್ನು ಮ್ಯಾನೇಜರ್ ಮಾಡುವಾಗಲೂ ಹೆಸರು ಕೊಟ್ಟರೆ ಸಾಲದು, ಅಧಿಕಾರ ಕೊಡಬೇಕು. ಅದನ್ನು ಬರವಣಿಗೆಯಲ್ಲಿ ಕೊಡಬೇಕು. ಎಷ್ಟು ರೂಪಾಯಿಯವರೆಗೆ ಎಸ್ಟಿಮೇಟ್ ಒಪ್ಪಬಹುದು, ಯಾವ ಅಂಗಡಿಯಿಂದ ಎಷ್ಟರ ಸಾಮಾನು ಸಾಲಕ್ಕೆ ತರಬಹುದು, ಗಿರಾಕಿಯಿಂದ ಮುಂಗಡ ಪಡೆಯಬಹುದೇ ಎಂಬುದು ಅದರಲ್ಲಿರಲಿ. ಏಕೆಂದರೆ ಅವನಿಗೆ ಅಧಿಕಾರವಿದೆಯೆಂದು ಹೊರಗಿನವರು ನಂಬುವಂತೆ ಧಣಿ ನಡೆದುಕೊಂಡಿದ್ದರೆ, ಕರಾರು ಕಾಯ್ದೆಯ 237ನೆಯ ಕಲಮಿನಂತೆ ಅವನ ಮಾತಿಗೆ ಧಣಿಯೇ ಬದ್ಧ. ಮ್ಯಾನೇಜರನಿಗೆ ಲಾಭದಲ್ಲಿ ಪಾಲು ಕೊಟ್ಟರೆ ಅವನು ಪಾಲುದಾರನಾಗಿಬಿಡುತ್ತಾನೆಂಬ ಅಂಜಿಕೆಯೂ ಅನೇಕರಲ್ಲಿದೆ. 1932ರ ಪಾಲುದಾರಿಕೆ ಕಾಯ್ದೆಯ 6ನೆಯ ಕಲಂ ಸ್ಪಷ್ಟವಾಗಿದೆ: ಸಂಬಳದ ರೂಪದಲ್ಲಿ ಲಾಭದ ಪಾಲು ಪಡೆದ ಮಾತ್ರಕ್ಕೆ ನೌಕರ ಪಾಲುದಾರನಾಗುವುದಿಲ್ಲ. ಆ ಪಾಲು ಸಂಬಳದ ಭಾಗವೆಂದು ಪತ್ರದಲ್ಲಿ ನಮೂದಿಸಿದರೆ ಆಯಿತು.

ಕೊನೆಯದಾಗಿ ಭಾಷೆಯ ವಿಚಾರ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ನಮ್ಮ ಊರುಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲಿಯೇ ಉತ್ತರ ಪಡೆಯಲು ನಮಗೆ ಹಕ್ಕಿದೆ. ಅಪ್ರೆಂಟಿಸ್ ಕರಾರು ಇಂಗ್ಲಿಷಿನಲ್ಲಿದ್ದರೆ ಅದರ ಕನ್ನಡ ಪ್ರತಿಯೊಂದನ್ನು ಲಗತ್ತಿಸಿ, ಹುಡುಗನಿಗೂ ಅವನ ತಂದೆತಾಯಿಗೂ ಓದಿ ಹೇಳಿ, "ಓದಿ ಕೇಳಿ ಅರ್ಥಮಾಡಿಕೊಂಡಿದ್ದೇವೆ" ಎಂಬ ಒಕ್ಕಣೆಯ ಕೆಳಗೆ ಸಹಿ ಪಡೆದು, ಒಂದು ಪ್ರತಿಯನ್ನು ಅಂದೇ ಅವರ ಕೈಗೆ ಕೊಡತಕ್ಕದ್ದು.